ಅಂಗೈ ಮೇಲಿನ ಲೆಕ್ಕ

ಕಾಂದಿವಲಿ ಪೂರ್ವ, ಮುಂಬೈ
ಗುರುವಾರ, ೨೨ ಮೇ ೨೦೨೫

ಈ ಲಕೋಟೆ ಒಡೆದವರು ಯಾರೇ ಆಗಿರಲಿ, ನೀವು ಗುರುಪಾದ ಅಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ. ತಾಯಿ ಮಗನಿಗೆ ಬರೆದದ್ದನ್ನು ಓದಲು ನಾಚಿಕೆಯಾಗುವುದಿಲ್ಲವೇ? ಮಡಚಿ ಅವನಿಗೆ ಕೊಡಿ. ನಿಮಗೆ ಕನ್ನಡ ಬಾರದಿದ್ದರೆ ನಾನು ಬೈದದ್ದು ದಂಡವಾಯಿತು, ಹೋಗಲಿ.

ಓದುತ್ತಿರುವವನು ನೀನೇ ಆಗಿದ್ದರೆ ಇನ್ನೂ ಬೈಯುವುದಿದೆ, ಸರಿಯಾಗಿ ಕುಳಿತುಕೋ. ಯುಗಾದಿ ಮುಗಿದ ಮೇಲೆ ಬರೆದ ಪತ್ರಕ್ಕೆ ಉತ್ತರವಿಲ್ಲ. ಆಗ ಯುದ್ಧವೂ ಇರಲಿಲ್ಲ, ಗಿದ್ಧವೂ ಇರಲಿಲ್ಲ. ಜೆಸಿಬಿಯ ಮೇಲೆ ಕುಳಿತು ಗುಡ್ಡ ಕಡಿಯುವವನಿಗೆ ಅವ್ವನಿಗಾಗಿ ನಾಲ್ಕು ಸಾಲು ಬರೆಯಲು ಬಿಡುವಿರಲಿಲ್ಲವೇ? 'ಫೋನ್ ಮಾಡ್ತೀನಲ್ಲವ್ವಾ' ಅನ್ನುತ್ತೀ. ಫೋನು ನಿನ್ನ ಹೆಂಡತಿಯ ಕೈಯಲ್ಲಿರುತ್ತದೆ. ಅದು ನನ್ನ ಕಿವಿಗೆ ಬರುವಷ್ಟರಲ್ಲಿ ನಿನಗೆ ಸಿಗ್ನಲ್ ಹೋಗಿರುತ್ತದೆ. ಊರ ಶಾಲೆಯಲ್ಲಿ ಎರಡನೆಯ ಇಯತ್ತೆಗೆ ಬಿಟ್ಟವಳು ನಾನು. ಆದರೂ ಕೂಡಕ್ಷರ ತಪ್ಪದೆ ಬರೆಯುತ್ತೇನೆ. ನೀನು ಹತ್ತನೆಯದು ಪಾಸಾದವನು.

ಇರಲಿ. ಚಿರಂಜೀವಿ ಗುರುಪಾದನಿಗೆ ನಿನ್ನ ಅವ್ವನ ಆಶೀರ್ವಾದ. ಇಲ್ಲಿ ನಾನು, ಶೈಲಾ, ನಿನ್ನ ಮಗಳು ಯಕ್ಷಿತಾ ಮೂವರೂ ಉಂಡುಟ್ಟುಕೊಂಡು ಇದ್ದೇವೆ. ನೀನೂ ಆರಾಮ ಇದ್ದೀ ಎಂದು ಫೋನಿನಲ್ಲಿ ಹೇಳುತ್ತೀ. ನನ್ನ ಪತ್ರವೂ ತಡವಾಯಿತು, ಅದನ್ನು ಒಪ್ಪುತ್ತೇನೆ. ನಾಲ್ಕು ದಿನದಿಂದ ಬರೆಯಲು ಕೂಡುತ್ತಿದ್ದೇನೆ, ಏಳುತ್ತಿದ್ದೇನೆ. ಬೆಳಿಗ್ಗೆ ಮೆಸ್ಸಿನವರಿಗೆ ರೊಟ್ಟಿ ಬಡಿದು ಕೊಡಬೇಕು, ಮಧ್ಯಾಹ್ನ ನೀರು ಬರುತ್ತದೆ, ಸಂಜೆ ಮಲ್ಲವ್ವ ಬಂದು ಕುಳಿತು ಅಳುತ್ತಾಳೆ. ಪಾಪ, ಅವಳ ಗಂಡ ತೀರಿಕೊಂಡು ಇನ್ನೂ ಎರಡು ತಿಂಗಳಾಗಿಲ್ಲ. ಆದರೆ ಅಳುವವರ ಎದುರು ಪೆನ್ನು ಹಿಡಿಯುವುದು ಹೇಗೆ?

ಶೈಲಾಳ ಔಷಧಿ ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸ ಹೆಚ್ಚಿದೆ. ಯುದ್ಧದ ವಾರದಿಂದ ಓವರ್‌ಟೈಮ್. ಕಂಪನಿಯೊಳಗೆ ಬಿಡುವುದಿಲ್ಲವೆಂದು ಫೋನನ್ನು ಮನೆಯಲ್ಲೇ ಇಟ್ಟು ಹೋಗುತ್ತಾಳೆ, ಬಂದವಳೇ ಗೋಡೆಗೆ ಒರಗಿ ಕೂಡುತ್ತಾಳೆ. 'ಅತ್ತಿ, ಅವ್ರು ಫೋನ್ ಮಾಡಿದ್ರೇನ?' ಇದೊಂದೇ ಮಾತು. ನಾನು ಇಲ್ಲ ಅಂದರೆ ಚಪ್ಪಲಿಯನ್ನೂ ಬಿಡದೆ ಹಾಗೇ ಇರುತ್ತಾಳೆ.

ನವೀನ ಹೋದ ಭಾನುವಾರ ಬಂದಿದ್ದ, ನಿಮ್ಮ ಕ್ಯಾಂಪಿನಲ್ಲಿ ಡಂಪರ್ ಓಡಿಸುವ ಹುಡುಗ. ಇಂಡಿಗೆ ಹೋಗುವ ದಾರಿಯಲ್ಲಿ ಇಳಿದು ಅಕ್ರೋಟಿನ ಚೀಲ ಕೊಟ್ಟು ಹೋದ. ಶೈಲಾ ಕೆಲಸಕ್ಕೆ ಹೋಗಿದ್ದಳು, ಯಕ್ಷಿತಾ ತನ್ನ ಶಾಲೆಯ ರಾಧಿಕಾ ಟೀಚರ್ ಮನೆಗೆ ಹೋಗಿದ್ದಳು. ಅವನು ಹೆಚ್ಚು ಮಾತಾಡಲಿಲ್ಲ. ಚಹಾ ಕುಡಿದ. ನಿಮ್ಮಪ್ಪ ಕಟ್ಟಡದ ಸುತ್ತ ಬಿದಿರಿನ ಪರಾಂಚಿ ಕಟ್ಟುವಾಗ ಹಾಕುತ್ತಿದ್ದ ಗಂಟನ್ನೇ ನೀನು ಎಲ್ಲಕ್ಕೂ ಹಾಕುತ್ತೀಯಲ್ಲ? ದೀಪಾವಳಿಗೆ ಕಳಿಸಿದ ಚೀಲ ಬಿಚ್ಚಲು ನನ್ನ ಇದ್ದೊಂದು ಗಟ್ಟಿ ಹಲ್ಲೂ ಅಲ್ಲಾಡಿತ್ತು. ಈ ಸಲ ಎಳೆದ ಕೂಡಲೇ ಬಿಚ್ಚಿತು. ಅಕ್ರೋಟು ಚೆನ್ನಾಗಿದೆ. ಹುಡುಗಿ ಮುಟ್ಟಿಲ್ಲ.

ಈಗ ಆ ಹುಡುಗಿಯ ಸಂಗತಿ ಬರೆಯುತ್ತೇನೆ. ಅದಕ್ಕೇ ಈ ಪತ್ರ.

ನಮ್ಮ ಮುನಸಿಪಾಲ್ಟಿ ಕನ್ನಡ ಶಾಲೆ ಏಳನೆಯದಕ್ಕೇ ಮುಗಿಯುತ್ತದೆ. ನೀನು ಓದುವಾಗಲೂ ಹಾಗೆಯೇ ಇತ್ತು, ಇನ್ನೂ ಹಾಗೆಯೇ ಇದೆ. ಏಳು ಮುಗಿದ ಮಕ್ಕಳು ಎಲ್ಲಾದರೂ ಬಾಗಿಲು ತಟ್ಟಬೇಕು. ತಟ್ಟದಿದ್ದವರು ಮನೆಯಲ್ಲಿ ಕೂಡುತ್ತಾರೆ. ಮಲ್ಲವ್ವನ ಮೊಮ್ಮಗಳು ಸೇವಂತಿಯನ್ನೇ ನೋಡು. ಎಷ್ಟು ಚುರುಕಿದ್ದಳು! ಈಗ ದಿನವಿಡೀ ಗುತ್ತಿಗೆಯವನು ತಂದು ಸುರಿಯುವ ಬಿಂದಿಯನ್ನು ಕಾರ್ಡಿಗೆ ಅಂಟಿಸುತ್ತ ಕುಳಿತಿರುತ್ತಾಳೆ. ಬೆರಳ ತುದಿಯೆಲ್ಲ ಗೋಂದು. ನಮ್ಮವಳು ಅಲ್ಲಿ ಕೂಡಬಾರದು ಎಂದು ರಾಧಿಕಾ ಟೀಚರ್ ವರ್ಷವಿಡೀ ಶಾಲೆ ಬಿಟ್ಟ ಮೇಲೆ ಅವಳನ್ನು ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಗಣಿತ ಹೇಳಿಕೊಟ್ಟರು. ಸ್ಟೇಷನ್ನಿನ ಆಚೆಯ ಟ್ರಸ್ಟಿನ ಹೈಸ್ಕೂಲಿಗೆ ಎಂಟನೆಯದಕ್ಕೆ ಸೇರಲು ಪ್ರವೇಶ ಪರೀಕ್ಷೆ ಇದೆ, ಇವಳು ಬರೆದರೆ ಆಯಿತು ಅಂದರು. ಟೀಚರ್ ಹಾಗೆಂದಾಗ ನೀನು ಫೋನಿನಲ್ಲಿ ಕುಣಿದದ್ದು ನನಗೆ ನೆನಪಿದೆ.

ಪರೀಕ್ಷೆ ಮೇ ಹತ್ತರ ಶನಿವಾರವೆಂದು ಗೊತ್ತುಮಾಡಿದ್ದರು. ಯುದ್ಧ ನಮ್ಮ ಪರೀಕ್ಷೆ ಕೇಳಿ ಬರುತ್ತದೆಯೇ? ಬುಧವಾರ ಬೆಳಗಾಗುವುದರೊಳಗೆ ಟಿವಿಯವರೆಲ್ಲ ಗಂಟಲು ಹರಿದುಕೊಳ್ಳತೊಡಗಿದ್ದರು. ಚಾಳಿನ ಹುಡುಗರು ಮೊಬೈಲಿನಲ್ಲಿ ವಿಮಾನ ಬೀಳುವುದು, ಊರು ಉರಿಯುವುದು ತೋರಿಸುತ್ತ ತಿರುಗಿದರು. ಆಮೇಲೆ ಅದರಲ್ಲಿ ಅರ್ಧ ಕಂಪ್ಯೂಟರಿನ ಆಟವಂತೆ, ಸುಳ್ಳಂತೆ. ನಗುತ್ತ ಹೇಳಿದರು, ಮುಕಳಿಗೆ ಬರೆ ಹಾಕಬೇಕು. ನಿನ್ನ ಫೋನು ಆ ದಿನದಿಂದಲೇ ಹತ್ತಲಿಲ್ಲ.

ಗುರುವಾರ ಪರೀಕ್ಷೆಯ ಚೀಟಿ ತರಲು ಹುಡುಗಿಯನ್ನು ಕರೆದುಕೊಂಡು ಹೈಸ್ಕೂಲಿಗೆ ಹೋದೆ. ಬಾಗಿಲ ಪಕ್ಕದ ಬೋರ್ಡಿಗೆ ಹೊಸ ಕಾಗದ ಅಂಟಿಸಿದ್ದರು. ಅವಳೇ ಮರಾಠಿ ಓದಿ ಹೇಳಿದಳು: 'ಆಯಿ, ಬಾರ್ಡರ್‌ನ್ಯಾಗ ಇರಾವ್ರ ಮಕ್ಕಳಿಗೆ ಅರ್ಧ ಫೀ ಅಂತ. ಶಹೀದ್ ಆದವ್ರ ಮಕ್ಕಳಿಗೆ ಪೂರಾ ಮಾಫ್.' ಅವಳ ಮುಖ ಅರಳಿತು. ನನಗೂ ಆಸೆಯಾಯಿತು, ಯಾಕೆ ಸುಳ್ಳು ಹೇಳಲಿ? ಆ ಶಾಲೆಯ ಫೀ ಕೇಳಿದ ದಿನ ಶೈಲಾ ಊಟ ಬಿಟ್ಟಿದ್ದಳು.

ಆಫೀಸಿನ ಮೇಡಂ ಕನ್ನಡಕ ಮೂಗಿನ ತುದಿಗೆ ಇಳಿಸಿ ಕೇಳಿದಳು: 'ಫಾದರ್ ಫೌಜಿ ಹೈ ಕ್ಯಾ?'

'ಫೌಜಿ ನಹೀ ಬಾಯಿ, ಫೌಜಿ ಲೋಗ್ ಕಾ ರಸ್ತಾ ಬನಾತಾ ಹೈ. ಜೆಸಿಬಿ ಚಲಾತಾ ಹೈ, ಉಧರ್‌ಇಚ್, ಬಾರ್ಡರ್ ಪೇ.'

'ವರ್ದಿ ಹೈ?'

'ಪ್ಯಾಂಟ್ ಶರ್ಟ್ ಹೈ.'

ಹಿಂದೆ ನಿಂತ ಯಾರೋ ನಕ್ಕರು. ಸೈನ್ಯದ ಸಮವಸ್ತ್ರ, ಆ ವರ್ದಿ ಹಾಕಿದವರ ಮಕ್ಕಳಿಗೆ ಮಾತ್ರ ಅರ್ಧ ಫೀ, ಕಂತ್ರಾಟುದಾರನ ಆಳುಗಳಿಗೆ ಇಲ್ಲ ಅಂದಳು. ನನಗೆ ಸಿಟ್ಟು ನೆತ್ತಿಗೇರಿತು. 'ಬಾಂಬ್ ಕ್ಯಾ ವರ್ದಿ ದೇಖ್ ಕೆ ಗಿರ್ತಾ ಹೈ?' ಬಾಂಬು ಬಟ್ಟೆ ನೋಡಿ ಬೀಳುತ್ತದೆಯೇ ಎಂದು ಕೇಳಿಯೇಬಿಟ್ಟೆ. ಆಗ ನಗು ನಿಂತಿತು. ಆ ಮೇಡಂ ಕೆಟ್ಟವಳಲ್ಲ ಗುರುಪಾದ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ನನ್ನ ಕೈ ಮೇಲೆ ಕೈಯಿಟ್ಟು, ಸಮಾಧಾನ ಮಾಡುವವಳ ಹಾಗೆಯೇ ಅಂದಳು, 'ಆಜೀ, ಅಭೀ ತೋ ಕುಛ್ ನಹೀ ಹೋಗಾ. ಭಗವಾನ್ ನ ಕರೇ...' ಅವನಿಗೆ ಏನಾದರೂ ಆದರೆ ಸರ್ಕಾರದ ಕಾಗದ ತೆಗೆದುಕೊಂಡು ಬಾ ಅಂದಳು, 'ತಬ್ ಪೂರಾ ಮಾಫ್ ಕರಾ ದೂಂಗಿ.'

ನಾನು ಅವಳ ಕೈ ಕೊಡವಿ, ಚೀಟಿ ತೆಗೆದುಕೊಂಡು ಹೊರಟುಬಿಟ್ಟೆ. ಆ ಹೊತ್ತಿನಲ್ಲಿ ನನಗೆ ನನ್ನ ಸಿಟ್ಟೇ ದೊಡ್ಡದಾಗಿತ್ತು. ಮಗು ನನ್ನ ಸೆರಗು ಹಿಡಿದು ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡದ್ದು ಗಮನಕ್ಕೇ ಬರಲಿಲ್ಲ. ದಾರಿಯಲ್ಲಿ ಅವಳು ಒಂದೇ ಮಾತು ಕೇಳಿದಳು: 'ಆಯಿ, ಅಪ್ಪನ ಫೋನ್ ಯಾಕ ಹತ್ತವಲ್ದು?' ಟವರ್ ಬಂದ್ ಮಾಡ್ಯಾರ ಅಂದೆ.

ಶನಿವಾರ ಬೆಳಿಗ್ಗೆ ಅವಳಿಗೆ ತಲೆಸ್ನಾನ ಮಾಡಿಸಿ, ಎರಡು ಜಡೆ ಹಾಕಿ, ಹಣೆಗೆ ವಿಭೂತಿ ಹಚ್ಚಿ ಕರೆದುಕೊಂಡು ಇಳಿದೆ. ಚಾಳಿನ ಬಾಯಿಗೆ ಬಂದೆವು. ಅಲ್ಲಿ ನೀನಿದ್ದೆ.

ಕಂಬದಿಂದ ಕಂಬಕ್ಕೆ ಕಟ್ಟಿದ ಬ್ಯಾನರ್. ಹಳದಿ ಹೆಲ್ಮೆಟ್ ಹಾಕಿಕೊಂಡು ನಗುವ ನಿನ್ನ ದೊಡ್ಡ ಮುಖ. ಎರಡೂ ಪಕ್ಕದಲ್ಲಿ ಉರಿಯುವ ಸಮೆ ದೀಪದ ಚಿತ್ರ. ಮೇಲಿನಿಂದ ಇಳಿಬಿಟ್ಟ ದಪ್ಪ ಚೆಂಡುಹೂವಿನ ಮಾಲೆ. ಮೊನ್ನೆ ಮಲ್ಲವ್ವನ ಗಂಡನ ಶ್ರದ್ಧಾಂಜಲಿ ಬ್ಯಾನರ್ ಹಾಕಿದ್ದೂ ಆ ಎರಡು ಕಂಬಕ್ಕೇ. ಈ ಚಾಳಿನಲ್ಲಿ ಸತ್ತವರೆಲ್ಲ ಹನ್ನೆರಡು ದಿನ ಅಲ್ಲೇ ತೂಗಾಡುತ್ತಾರೆ. ಹುಟ್ಟಿದಾಗಿನಿಂದ ಹುಡುಗಿ ನೋಡಿದ್ದು ಅದನ್ನೇ.

ಗಣಪತಿ ಕೂರಿಸುವ ಮಂಡಳದ ಹುಡುಗರ ಕೆಲಸ. ನಮ್ಮ ಚಾಳಿನ ಗಂಡು ಗಡಿಯಲ್ಲಿದ್ದಾನೆ ಎಂದು ಮಾನ ಮಾಡಲು ಹೊರಟಿದ್ದರು. ಬ್ಯಾನರ್ ಮಾಡುವವನ ಹತ್ತಿರ ಹೋಗಿ, ಹಳೆಯದರಲ್ಲಿ ಫೋಟೋ ಬದಲಿಸಿ ಕೊಡು ಅಂದಿದ್ದಾರೆ. ಅವನು ಫೋಟೋ ಬದಲಿಸಿದ, 'ಆಮಚಾ ಅಭಿಮಾನ', ನಮ್ಮ ಹೆಮ್ಮೆ, ಎಂದು ಬರೆದ, ಸಮೆ ಹಾಗೇ ಉಳಿಸಿದ. ಮಾಲೆ ಇವರ ಸ್ವಂತ ಬುದ್ಧಿ.

'ಇಳಸ್ರೋ ಅದನ್ನ!' ಎಂದು ನಾನು ಕೂಗಿದ ಕೂಗಿಗೆ ಹಾಲಿನವನು ಸೈಕಲ್ಲಿನಿಂದ ಇಳಿದ.

'ಆಜೀ, ರಿಸ್ಪೆಕ್ಟ್ ಆಹೇ!' ಅಂದ ಒಬ್ಬ, ಮೀಸೆ ಇನ್ನೂ ಸರಿಯಾಗಿ ಮೂಡದವನು.

'ರಿಸ್ಪೆಕ್ಟ್ ನಿಮ್ಮಪ್ಪಗ ಮಾಡ್ರಿ ಹೋಗ್ರಿ! ಅವನ ಕೊಳ್ಳಿಗೆ ಹಾಕ್ರಿ ಮಾಲಿ! ನನ್ನ ಮಗ ಜಿಂದಾ ಅದಾನ, ತಿಳೀತಿಲ್ಲೋ? ಜಿಂದಾ!'

ಹಾರಿ ಹಾರಿ ಮಾಲೆಯನ್ನು ಕಿತ್ತು ಗಟಾರಕ್ಕೆ ಎಸೆದೆ. ಬ್ಯಾನರ್ ಕೈಗೆಟುಕಲಿಲ್ಲ. ಪರೀಕ್ಷೆಯ ಹೊತ್ತಾಗಿತ್ತು. ಹುಡುಗಿ ಹಿಂತಿರುಗಿ ನೋಡುತ್ತ ನೋಡುತ್ತ ನನ್ನ ಜೊತೆ ಬಂದಳು. ನಾವು ವಾಪಸ್ ಬರುವಷ್ಟರಲ್ಲಿ ಬ್ಯಾನರ್ ಇಳಿದಿತ್ತು. ಮೀಸೆ ಮೂಡದವನು ಬಂದು ನನ್ನ ಕಾಲು ಮುಟ್ಟಿ ಹೋದ. ಪರೀಕ್ಷೆ ಹೇಗಾಯಿತವ್ವಾ ಅಂದರೆ 'ಆತು' ಅಂದಳು. ಅಂದೇ ಸಂಜೆ ಯುದ್ಧ ನಿಂತಿತು ಎಂದು ಟಿವಿ ಹೇಳಿತು. ಚಾಳಿಗೆ ಚಾಳೇ ಹಗುರಾಯಿತು. ಅವಳು ಮಾತ್ರ ಮೂಲೆಯಲ್ಲಿ ಕುಳಿತು ತನ್ನ ಅಂಗೈಯನ್ನೇ ನೋಡುತ್ತಿದ್ದಳು.

ಅಂಗೈ ಅಂದರೆ ನಿನಗೆ ತಿಳಿಯುತ್ತದೆ. ದಿನಾ ಫೋನ್ ಇಡುವ ಮೊದಲು ಎಡ ಅಂಗೈ ಮೇಲೆ ಪೆನ್ನಿನಲ್ಲಿ ಒಂದು ಲೆಕ್ಕ ಬರೆದು ಕ್ಯಾಮೆರಾಕ್ಕೆ ಹಿಡಿಯುತ್ತಿದ್ದೆಯಲ್ಲ? ಇವಳು ಅದನ್ನು ತನ್ನ ಅಂಗೈ ಮೇಲೆ ಇಳಿಸಿಕೊಂಡು, ಬಿಡಿಸಿ, ಮರುದಿನ ಉತ್ತರ ತೋರಿಸುತ್ತಿದ್ದಳು. ನನಗೆ ಆ ಲೆಕ್ಕ ತಿಳಿಯುತ್ತಿರಲಿಲ್ಲ. ಆದರೆ ಅಪ್ಪ ಮಗಳ ಅಂಗೈಗಳು ಗಾಜಿನ ಆಚೆ ಈಚೆ ಎದುರುಬದುರಾಗುವುದನ್ನು ನೋಡಲು ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಿದ್ದೆ.

ಸೋಮವಾರ ನಿನ್ನ ಫೋನು ಬಂತು. ಹೊಸ ನಂಬರು. ಶೈಲಾ ಅಳುವುದೋ ನಗುವುದೋ ತಿಳಿಯದೆ ಫೋನನ್ನು ಮಗಳ ಕಿವಿಗೆ ಹಿಡಿದಳು. ಅವಳು ಕೇಳಿದ್ದು ಒಂದೇ: 'ಅಪ್ಪಾ, ಇವತ್ತಿನ ಲೆಕ್ಕ?' ಕ್ಯಾಮೆರಾ ಕೆಟ್ಟಿದೆ ಪುಟ್ಟಿ, ಆಮೇಲೆ ಕೊಡುತ್ತೇನೆ ಅಂದೆ ನೀನು. ನಿನ್ನ ದನಿ ನಿದ್ದೆಗಣ್ಣಿನವನ ದನಿಯಂತೆ ತೊದಲುತ್ತಿತ್ತು. ಹುಡುಗಿ ಫೋನನ್ನು ನೆಲದ ಮೇಲಿಟ್ಟು ಹಿಂದೆ ಸರಿದಳು.

'ಇವ್ರು ಅಪ್ಪ ಅಲ್ಲ.'

ಶೈಲಾ ಗದರಿದಳು. ಹುಡುಗಿ ಕದಲಲಿಲ್ಲ. 'ಮಮ್ಮಿ, ಈಗ ಎಐಲೆ ಯಾರ ಆವಾಜ್ ಬೇಕಾದ್ರೂ ಮಾಡ್ತಾರ. ಹುಡುಗ್ರು ತೋರ್ಸ್ಯಾರ ನಂಗ. ವಿಡಿಯೋನೂ ಮಾಡ್ತಾರ. ಕಂಪನಿಯವ್ರು ರೊಕ್ಕ ಕೊಡಬೇಕಾಗ್ತೈತಿ ಅಂತ ಖರೇ ಹೇಳವಲ್ಲರು. ಅಪ್ಪ ಆಗಿದ್ರ ಲೆಕ್ಕ ಕೊಡ್ತಿದ್ದ.'

ಆಮೇಲೆ ನೀನು ಮಾಡಿದ ಫೋನುಗಳಿಗೆ ಅವಳು ಯಾಕೆ ಬರಲಿಲ್ಲವೆಂದು ಈಗ ತಿಳಿಯಿತೇ? ಆಟಕ್ಕೆ ಹೋಗಿದ್ದಾಳೆ, ಮಲಗಿದ್ದಾಳೆ ಎಂದು ಶೈಲಾ ಹೇಳಿದ್ದೆಲ್ಲ ಸುಳ್ಳು. ಅವಳು ಅಲ್ಲೇ ಇರುತ್ತಾಳೆ, ಎರಡೂ ಕಿವಿ ಮುಚ್ಚಿಕೊಂಡು.

ಹೋದ ಶುಕ್ರವಾರ ಹೈಸ್ಕೂಲಿನ ದೊಡ್ಡ ಬಾಯಿಯವರು, ಹೆಡ್ ಮೇಡಂ, ಕರೆಸಿದರು. ರಾಧಿಕಾ ಟೀಚರೂ ಬಂದಿದ್ದರು. ಮೇಜಿನ ಮೇಲೆ ನಮ್ಮ ಹುಡುಗಿಯ ಪೇಪರ್ ಇತ್ತು. ಮೇಲೆ ಹೆಸರು, ನಂಬರು. ಕೆಳಗೆ ಏನೂ ಇಲ್ಲ. ಹಾಳೆ ತಿರುವಿದರು, ಅದೂ ಬಿಳಿ. ಟೀಚರ್ ಅಲ್ಲೇ ನೆಲದ ಮೇಲೆ ಅವಳೆದುರು ಕುಳಿತು, ಕನ್ನಡದಲ್ಲಿ, ಮೆಲ್ಲಗೆ, 'ಯಾಕ ಬರೀಲಿಲ್ಲ ಬಂಗಾರಿ? ಗೊತ್ತಿರಲಿಲ್ಲೇನ?' ಅಂದರು.

'ಎಲ್ಲಾ ಗೊತ್ತಿತ್ರಿ.'

'ಮತ್ತ?'

ತನ್ನ ಅಂಗೈ ನೋಡುತ್ತ ಹೇಳಿದಳು. ಆ ಮಾತನ್ನು ಅವಳು ಆಡಿದ ಹಾಗೆಯೇ ಬರೆಯುತ್ತೇನೆ. 'ನಾ ಪಾಸ್ ಆದ್ರ ಫೀ ಕಟ್ಟಬೇಕು. ಅಪ್ಪ ಸತ್ರ ಪೂರಾ ಮಾಫ್ ಅಂತ ಆ ಮೇಡಂ ಹೇಳ್ಯಾರ. ಮುಂಜಾನೆ ಚಾಳಿನ್ಯಾಗ ಅಪ್ಪನ ಬ್ಯಾನರ್ ಹಾಕಿದ್ರು. ನಾ ಬರೀಲಿಲ್ಲಂದ್ರ ಮಾಫಿ ಬೇಕಾಗಂಗಿಲ್ಲ. ಮಾಫಿ ಬ್ಯಾಡಾದ್ರ ಅಪ್ಪ ವಾಪಸ್ ಬರ್ತಾನೇನೋ ಅಂತ.'

ಟೀಚರ್ ಅದನ್ನು ಮರಾಠಿಯಲ್ಲಿ ಹೇಳಿದರು. ಅರ್ಧಕ್ಕೇ ನಿಲ್ಲಿಸಿ ಮತ್ತೆ ಹೇಳಿದರು. ದೊಡ್ಡ ಬಾಯಿಯವರು ಕಿಟಕಿಯ ಕಡೆ ಮುಖ ಮಾಡಿಕೊಂಡು ಕೇಳಿದರು. ಹನ್ನೆರಡು ವರ್ಷದ ಕೂಸು ಪರೀಕ್ಷೆಯ ಬೆಂಚಿನ ಮೇಲೆ ಒಬ್ಬಳೇ ಕುಳಿತು ಎಂಥ ಲೆಕ್ಕ ಬಿಡಿಸಿತು ನೋಡು. ನಿನ್ನ ಅಂಗೈ ಮೇಲಿನ ಲೆಕ್ಕಗಳೆಲ್ಲ ಅದರ ಮುಂದೆ ಆಟ.

ಉಳಿದ ಸೀಟುಗಳಿಗೆ ಜೂನ್ ಮೊದಲ ವಾರದಲ್ಲಿ ಇನ್ನೊಂದು ಪರೀಕ್ಷೆ ಇಡುತ್ತಾರಂತೆ. ಇವಳು ಬರಲಿ, ಆದರೆ ಇದೇ ಕೊನೆಯದು, ಆಮೇಲೆ ನನ್ನ ಕೈಯಲ್ಲಿಲ್ಲ ಅಂದರು ಬಾಯಿಯವರು. ಅಲ್ಲೂ ಖಾಲಿ ಹಾಳೆ ಕೊಟ್ಟರೆ ಸೇವಂತಿಯ ಪಕ್ಕ ಇನ್ನೊಂದು ಚಾಪೆ ಹಾಸಬೇಕು, ಅಷ್ಟೇ. ಬೋರ್ಡಿನ ಮೇಲಿದ್ದ ಕಾಗದವನ್ನು ಅವರು ನಾವು ಹೊರಗೆ ಬರುವ ಮೊದಲೇ ತೆಗೆಸಿದ್ದರು.

ದಾರಿಯಲ್ಲಿ ನಾನು ಅವಳಿಗೆ ದೇವರಾಣೆ ಮಾಡಿ ಹೇಳಿದೆ, ಅಪ್ಪ ಬದುಕಿದ್ದಾನೆ ಎಂದು. 'ನೀ ಸಮಾಧಾನಕ್ಕ ಹೇಳ್ತಿ ಆಯಿ' ಅಂದಳು. ಹಾಗಾದರೆ ನೀನು ಏನನ್ನು ನಂಬುತ್ತೀ ಅಂದೆ. ಯೋಚನೆ ಮಾಡಿ ಹೇಳಿದಳು: 'ಅಪ್ಪ ಕಾಗದದ ಮ್ಯಾಲ, ಪೆನ್ನಿಲೆ, ಒಂದು ಲೆಕ್ಕ ಬರದು ಕಳಸಲಿ. ಅವನ ಐದು ನಂಗ ಗೊತ್ತೈತಿ. ಯಾವ ಎಐಗೂ ಅದು ಬರಂಗಿಲ್ಲ. ಆವಾಗ ಪರೀಕ್ಷಾ ಬರೀತೀನಿ.' ನೀನು ಇಂಗ್ಲಿಷ್ ಐದಕ್ಕೆ ಮೇಲಿನ ಅಡ್ಡಗೆರೆಯ ಟೋಪಿ ಹಾಕುವುದಿಲ್ಲವಲ್ಲ, ಅದನ್ನು ಹೇಳುತ್ತಾಳೆ. ನಿನ್ನ ಮೇಷ್ಟರು ಕಿವಿ ಹಿಂಡಿ ಹಿಂಡಿ ಸೋತ ಐದು.

ಫೀ ವಿಷಯ ಕೇಳು. ನಾನು ದೊಡ್ಡ ಬಾಯಿಯವರಿಗೆ ಹೇಳಿ ಬಂದಿದ್ದೇನೆ, ನಮಗೆ ಅರ್ಧವೂ ಬೇಡ, ಮಾಫಿಯೂ ಬೇಡ, ಕಂತಿನಲ್ಲಿ ಪೂರಾ ಕಟ್ಟುತ್ತೇವೆ ಎಂದು. ಇನ್ನೊಂದು ಮೆಸ್ಸಿನವರು ರೊಟ್ಟಿ ಕೇಳುತ್ತಿದ್ದಾರೆ, ಒಪ್ಪಿಕೊಂಡೆ. ಹುಡುಗಿಗೂ ಕೇಳಿಸುವ ಹಾಗೆ ಗಟ್ಟಿಯಾಗಿ ಹೇಳಿದೆ: 'ಅಪ್ಪ ಇರೋ ಹುಡುಗಿ ಇಕಿ, ಪೂರಾ ಫೀ ಕಟ್ಟತಾಳ.' ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ನಂಬಲಿಲ್ಲ. ಆದರೆ ನಂಬಬೇಕೆಂಬ ಆಸೆ ಆ ಕಣ್ಣಿನಲ್ಲಿತ್ತು, ಅಷ್ಟು ಕಂಡೆ.

ಉಳಿದಂತೆ ಮಳೆ ಈ ವರ್ಷ ಬೇಗ ಬರುವ ಲಕ್ಷಣವಿದೆ. ತಗಡಿನ ತೂತಿಗೆ ಡಾಂಬರು ಹಚ್ಚಿಸಿದೆ. ಶೈಲಾ ನಿನಗೆ ಸ್ವೆಟರ್ ಕಳಿಸಬೇಕೆಂದು ಹಟ ಹಿಡಿದಿದ್ದಾಳೆ, ಈ ಬಿಸಿಲಿನಲ್ಲಿ! ಹೊತ್ತಿಗೆ ಸರಿಯಾಗಿ ಊಟ ಮಾಡು. ಆ ದೇಶದ ಅನ್ನ ನಿನಗೆ ಸೇರದಿದ್ದರೆ ಹಾಲು ಕುಡಿ. ನಮ್ಮ ಮನೆದೇವರು ನಿನ್ನ ಬೆನ್ನಿಗಿರಲಿ, ನಿನ್ನ ಆಯುಷ್ಯ ಗಟ್ಟಿಯಾಗಿರಲಿ, ಮಗಳ ಮದುವೆಯಲ್ಲಿ ನೀನು ಓಡಾಡುವುದನ್ನು ಮೇಲಿನಿಂದ ನಿಮ್ಮಪ್ಪನ ಜೊತೆ ಕುಳಿತು ನಾನು ನೋಡುವಂತಾಗಲಿ.

ಇಂತಿ ನಿನ್ನ ಅವ್ವ,
ಲಕ್ಷ್ಮವ್ವ ಖಂಡಪ್ಪ

ತಾ. ಕ.: ಲಕೋಟೆಯ ಮೇಲಿನ ವಿಳಾಸ ನೋಡಿದಾಗಲೇ ನಿನಗೆ ತಿಳಿದಿರಬೇಕು. ಕ್ಯಾಂಪಿನ ವಿಳಾಸವಲ್ಲ, ಆಸ್ಪತ್ರೆಯದು. ವಾರ್ಡ್ ನಂಬರ್, ಮಂಚದ ನಂಬರ್ ಎಲ್ಲ ಹಾಕಿದ್ದೇನೆ.

ನವೀನನನ್ನು ಬೈಯಬೇಡ. ಅವನು ನಿನಗೆ ಕೊಟ್ಟ ಮಾತು ಮುರಿಯಲಿಲ್ಲ, ನಾನು ಮುರಿಸಿದೆ. ಚೀಲದ ಗಂಟು ಎಳೆದ ಕೂಡಲೇ ಬಿಚ್ಚಿತು ಎಂದು ಬರೆದೆನಲ್ಲ. 'ಇದನ್ನ ಕಟ್ಟಿದವ್ರು ಯಾರೋ?' ಅಂದೆ. 'ಗುರುಪಾದಣ್ಣನ ಕಟ್ಟ್ಯಾನವ್ವಾ' ಅಂದ. 'ನನ್ನ ಗಂಡ ಕಲಿಸಿದ ಗಂಟು ಬಿಚ್ಚಾಕ ನಂಗ ಹಲ್ಲು ಬೇಕಾಗ್ತಾವ. ಇದು ಕಿರಾಣಿ ಅಂಗಡಿ ಗಂಟು. ನನ್ನ ಮಗನ ಕೈಗೆ ಏನಾಗೈತಿ, ಹೇಳು' ಅಂದೆ. ಅವನು ಚಹಾದ ಕಪ್ಪು ಕೆಳಗಿಟ್ಟು ಮುಖ ಮುಚ್ಚಿಕೊಂಡ. ರಸ್ತೆಯ ಮೇಲೆ ಶೆಲ್ ಬಿದ್ದದ್ದು, ಜೆಸಿಬಿಯ ತಗಡು ಹರಿದು ಒಳಗೆ ಬಂದದ್ದು, ಬಲಗೈಯನ್ನು ಮಣಿಕಟ್ಟಿನ ಮೇಲಕ್ಕೆ ಡಾಕ್ಟರು ತೆಗೆದದ್ದು, ಎಲ್ಲ ಹೇಳಿದ.

ಮೇಲೆಲ್ಲ ಏನೂ ತಿಳಿಯದವಳ ಹಾಗೆ ಬರೆದೆ. ತಿಳಿದವಳ ಹಾಗೆ ಬರೆಯಲು ಹೋದರೆ ಪೆನ್ನು ನಡೆಯಲಿಲ್ಲ. ನಾಲ್ಕು ದಿನದಿಂದ ರೊಟ್ಟಿ ಬಡಿಯುವಾಗಲೇ ಅಳುತ್ತೇನೆ, ಆ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ. ಹಿಟ್ಟಿನ ಮೇಲೆ ನನ್ನ ಬಲಗೈ ಬಿದ್ದಾಗಲೆಲ್ಲ ಅದರ ಮೇಲೆ ನನಗೇ ಸಿಟ್ಟು ಬರುತ್ತದೆ. ಈ ಮುದಿ ಕೈ ಯಾರಿಗೆ ಬೇಕಿತ್ತು?

ಶೈಲಾಗೆ ನಾನು ಹೇಳಿಲ್ಲ. ನಿನ್ನ ಹೆಂಡತಿಗೆ, ನಿನ್ನ ಮಗಳಿಗೆ ನೀನೇ ಹೇಳಬೇಕು. ಅವರು ಹೆದರುತ್ತಾರೆ ಎಂದು ಮುಚ್ಚಿಟ್ಟೆ, ಅದು ನನಗೆ ತಿಳಿಯುತ್ತದೆ. ಆದರೆ ಇಲ್ಲಿ ನಿನ್ನ ಮಗಳು ನಿನ್ನನ್ನು ಪೂರಾ ಕಳೆದುಕೊಂಡು ಕುಳಿತಿದ್ದಾಳೆ. ಅಂಥ ಮಗುವಿಗೆ, ಅಪ್ಪ ಇದ್ದಾನೆ, ಒಂದು ಕೈ ಇಲ್ಲ ಎಂದರೆ ಅದು ಸಿಹಿ ಸುದ್ದಿ, ತಮ್ಮಾ. ಮುಂದೆ ಏನು ಕೆಲಸ, ಹೇಗೆ ಬದುಕು, ಅದೆಲ್ಲ ನೀನು ಮನೆಗೆ ಬಂದ ಮೇಲೆ ಕುಳಿತು ಮಾತಾಡೋಣ. ಜೂನಿನ ಚಿಂತೆ ಆ ಹುಡುಗಿಯದು ಒಂದೇ.

ಎಡಗೈಯಲ್ಲಿ ಬರೆ. ಯಾಕೆ ಎಡಗೈ ಅಂತಲೂ ಬರೆ. ಒಂದೇ ಕೈಯಾದರೆ ಕಾಗದ ಜಾರುತ್ತದೆ, ಮೇಲೆ ನೀರಿನ ಲೋಟ ಇಟ್ಟುಕೋ. ಅಕ್ಷರ ಕೋಳಿ ಕೆದರಿದ ಹಾಗಾದರೆ ಆಗಲಿ, ಎರಡನೆಯ ಇಯತ್ತೆಯಲ್ಲಿ ನನ್ನದೂ ಹಾಗೇ ಇತ್ತು. ಕೊನೆಗೆ ಒಂದು ಲೆಕ್ಕ ಹಾಕು, ಕಷ್ಟದ್ದು, ಐದು ಬರುವಂಥದ್ದು. ಎಡಗೈಯಲ್ಲಿ ಬರೆದರೂ ನೀನು ಐದಕ್ಕೆ ಟೋಪಿ ಹಾಕುವುದಿಲ್ಲ, ನನಗೆ ಗೊತ್ತು. ಅವಳು ಗುರುತು ಹಿಡಿಯುತ್ತಾಳೆ.

ಜೂನ್ ಹುಟ್ಟುವುದರೊಳಗೆ ನಿನ್ನ ಉತ್ತರ ಈ ಮನೆಗೆ ಬರಬೇಕು. ನರ್ಸಮ್ಮನ ಹತ್ತಿರ ಪೆನ್ನು ಕೇಳು, ಈಗಲೇ ಶುರುಮಾಡು.